ಜೀವಂತ ಮಹಿಳೆ ಬೇಕಾಗಿದ್ದಾಳೆ

ಉಡಚಪ್ಪ ಮಾಸ್ತರರಿಗೆ ಶನಿ ಹೆಗಲೇರಿದ್ದು ಬೆಳಗಿನ ಎಂಟು ಗಂಟೆಗೆ. ನವಲಗುಂದದ ಬಾಡಿಗೆ ಕೋಣೆಯಲ್ಲಿ ಅವರು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಮೊಬೈಲು ಟಿಣ್ ಎಂದಿತು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಎರಡೇ ಸಾಲು ಬಂದಿದ್ದವು: "ಇಂದು ಮಧ್ಯಾಹ್ನದ ಮಾದರಿ ಪಾಠಕ್ಕೆ ಪಟ, ಗೋಡೆಚಿತ್ರ ನಡೆಯುವುದಿಲ್ಲ. ತನ್ನ ಕೈಕೆಲಸವನ್ನು ಮಕ್ಕಳೆದುರು ಮಾಡಿ ತೋರಿಸುವ ಒಬ್ಬ ಸ್ಥಳೀಯ ಜೀವಂತ ಮಹಿಳೆಯನ್ನು ಕಡ್ಡಾಯವಾಗಿ ಹಾಜರುಪಡಿಸತಕ್ಕದ್ದು."

ಓದಿ ಮುಗಿಸುವಷ್ಟರಲ್ಲಿ ಸಾಸಿವೆ ಕರಟಿ ಹೋಯಿತು.

ಉಡಚಪ್ಪನವರು ಸಿ.ಆರ್.ಪಿ., ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಹದಿನಾಲ್ಕು ಶಾಲೆಗಳ ಶಿಕ್ಷಕರಿಗೆ ಪಾಠ ಮಾಡಲು ನೆರವಾಗುವುದು ಅವರ ಕೆಲಸವೆಂದು ಕಾಗದದಲ್ಲಿ ಬರೆದಿತ್ತು. ನಿಜದಲ್ಲಿ ಅವರು ಹದಿನಾಲ್ಕು ಶಾಲೆಗಳಿಂದ ಮೊಟ್ಟೆಯ ಲೆಕ್ಕ, ಶೂಗಳ ಅಳತೆ ಹೊತ್ತು ತರುವ ಹಮಾಲ. ಈ ವರ್ಷ ಹೊಸದಾಗಿ 'ತರಗತಿಯಲ್ಲಿ ಮಹಿಳೆಯರ ಇತಿಹಾಸ' ಎಂಬ ಕಾರ್ಯಕ್ರಮ ಬಂದಿತ್ತು. ಅದರ ಮೊದಲ ಮಾದರಿ ಪಾಠ ಇವರ ಕೊರಳಿಗೆ ಬಿದ್ದಿತ್ತು. ನೋಡಲು ಧಾರವಾಡದಿಂದ ಅಧಿಕಾರಿ ಮೇಡಂ ಎರಡು ಗಂಟೆಗೆ ಬರುವವರಿದ್ದರು.

ಪಾಠದ ಚಿಂತೆಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಉಡಚಪ್ಪನವರ ಊರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ಹೆಂಡತಿ ಮಹಾಲಕ್ಷ್ಮಿ ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ. ಹನ್ನೊಂದು ವರ್ಷಗಳಿಂದ ಇವರು ಶನಿವಾರ ಹೋಗಿ ಸೋಮವಾರ ಬೆಳಗ್ಗೆ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಸಾಕಿದ ನಾಯಿ ಕೂಡ ಪ್ರತಿ ಶನಿವಾರ ಇವರನ್ನು ಹೊಸಬರೆಂದು ತಿಳಿದು ಬೊಗಳುತ್ತಿತ್ತು. ಮೂರು ತಿಂಗಳ ಹಿಂದೆ ಊರ ಬಾಜೂ ಶಾಲೆಗೇ ವರ್ಗಾವಣೆ ಆದೇಶ ಬಂದಿತ್ತು. ಆದರೆ ಕಚೇರಿಯವರು ಬಿಡುಗಡೆ ಮಾಡಿರಲಿಲ್ಲ. "ಮಾದರಿ ಪಾಠ ಛಲೋ ಆತಂದ್ರ ಅವತ್ತ ಸಂಜೀಕ ರಿಲೀವ್ ಮಾಡ್ತೇವಿ. ಕೆಟ್ಟರ ಮುಂದಿನ ವರ್ಷ ನೋಡೂಣು" ಎಂದು ಸಾಹೇಬರು ಖಡಾಖಂಡಿತ ಹೇಳಿದ್ದರು. ಅಂದರೆ ಇಂದು ಒಬ್ಬ ಜೀವಂತ ಮಹಿಳೆ ಸಿಕ್ಕರೆ ಉಡಚಪ್ಪನವರಿಗೆ ಸಂಸಾರ, ಇಲ್ಲದಿದ್ದರೆ ಇದೇ ಕರಟಿದ ಒಗ್ಗರಣೆ.

ಮಾದರಿ ಪಾಠ ನಡೆಯಬೇಕಿದ್ದ ಶಾಲೆಗೆ ಓಡಿದಾಗ ಏಳನೇ ತರಗತಿಗೆ ಪಾಠ ಹೇಳುವ ನಸ್ರೀನ್ ಅಕ್ಕೋರು ಹದಿನೈದು ದಿನ ಕೂತು ಬರೆದ ಪಟಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಸಂದೇಶ ತೋರಿಸಿದೊಡನೆ ಆಕೆಯ ಕೈಯಲ್ಲಿದ್ದ ಗೋಂದಿನ ಡಬ್ಬಿ ಕೆಳಗೆ ಬಿತ್ತು. ಹೆಡ್ ಮಾಸ್ತರ ಮಾಂತೇಶ ಅವರು "ಜೀವಂತ ಅಂತ ಯಾಕ ಬರದಾರ್ರಿ? ಹೋದ ಸಲ ಯಾರರ ಸತ್ತವ್ರನ್ನ ಕರಕೊಂಡು ಬಂದಿದ್ರೇನು?" ಎಂದು ವಿಚಾರದಲ್ಲಿ ಮುಳುಗಿದರು.

ಅಧ್ಯಕ್ಷರ ಕುರ್ಚಿಯಲ್ಲಿ ಫಕ್ಕೀರಪ್ಪ ಕೂತಿದ್ದ. ಶಾಲಾ ಸಮಿತಿಯ ಅಧ್ಯಕ್ಷೆ ನಿಜವಾಗಿ ಅವನ ಹೆಂಡತಿ ಹನಮವ್ವ. ಆದರೆ ಆಕೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ಆಕೆಯ ಕುರ್ಚಿಯಲ್ಲಿ ಕೂಡುವುದು, ಆಕೆಯ ಸಹಿ ಮಾಡುವುದು, ಆಕೆಯ ಪಾಲಿನ ಚಹಾ ಕುಡಿಯುವುದು ಎಲ್ಲ ಫಕ್ಕೀರಪ್ಪನೇ.

"ಅಧ್ಯಕ್ಷರನ್ನ ಕರಕೊಂಡು ಬರ್ರಿ ಫಕ್ಕೀರಪ್ಪ. ಅವರರ ಏನರ ಮಾಡಿ ತೋರಸ್ಲಿ," ಎಂದರು ಉಡಚಪ್ಪ.

"ನಾ ಬಂದೇನಲ್ರಿ."

"ಹೆಣ್ಮಗಳು ಬೇಕ್ರಿ."

"ಹೆಣ್ಮಕ್ಕಳ ಇತಿಹಾಸ ನನಗಿಂತ ಯಾರಿಗೆ ಗೊತ್ತೈತ್ರಿ? ನಾಲ್ಕು ಹೆಣ್ಣು ಹಡದೇನಿ ನಾನು!"

ಹೆತ್ತವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯನ್ನು ಕಳಿಸುವ ಮಾತನ್ನು ಫಕ್ಕೀರಪ್ಪ ಆಡಲಿಲ್ಲ. ಬದಲಿಗೆ ತಾನೇ ಸ್ವಾಗತ ಭಾಷಣ ಮಾಡುವುದಾಗಿ ಒಪ್ಪಿಕೊಂಡ. ಯಾರೂ ಕೇಳಿರಲಿಲ್ಲ.

ಉಡಚಪ್ಪ ಓಣಿ ಓಣಿ ತಿರುಗಿದರು. ರೊಟ್ಟಿ ಮಾರುವ ದೇವಕ್ಕ ಒಲೆಯ ಮುಂದಿನಿಂದ ತಲೆಯೆತ್ತಲಿಲ್ಲ. "ಇತಿಹಾಸ ಅಂದ್ರ ಸತ್ತವರದ್ದಲ್ರಿ? ನಾ ಇನ್ನ ಗಟ್ಟಿ ಅದೇನಿ. ಮದಿವಿ ಮನೀದು ಇನ್ನೂರ ರೊಟ್ಟಿ ಬಾಕಿ ಅದಾವು. ಸತ್ತ ಮ್ಯಾಲೆ ಬರ್ತೇನ್ರಿ," ಎಂದಳು. ಮುನ್ನೂರು ಹೆರಿಗೆ ಮಾಡಿಸಿದ್ದ ಸೂಲಗಿತ್ತಿಯೊಬ್ಬಳು ಕಟ್ಟೆಯ ಮೇಲೆ ಕೂತಿದ್ದಳು. ಆಕೆ ಬಾಯಿ ತೆರೆಯುವ ಮೊದಲೇ ಮಗ ಒಳಗಿನಿಂದ ಬಂದು ಅಂಗಿಯ ಗುಂಡಿ ಹಾಕಿಕೊಂಡ. "ಆಕೀಗೇನ ಕೇಳ್ತೀರಿ ಸರ್? ನಾ ಹೇಳ್ತೇನಿ ಬರ್ರಿ, ಹೆರಿಗಿ ಹೆಂಗ ಮಾಡಸ್ತಾರಂತ," ಎಂದ. ಹನ್ನೊಂದು ಗಂಟೆಯ ಹೊತ್ತಿಗೆ ಮಹಿಳೆಯರ ಇತಿಹಾಸ ಹೇಳಲು ಸಿದ್ಧರಾಗಿ ನಿಂತ ಗಂಡಸರು ಐವರಾಗಿದ್ದರು. ಅವರಲ್ಲಿ ಒಬ್ಬ ಹಾರದ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸಿದ.

ಉಡಚಪ್ಪ ಶಾಲೆಗೆ ಮರಳಿ ಬೆಂಚಿನ ಮೇಲೆ ಕುಸಿದಾಗ ನಸ್ರೀನ್ ಅಕ್ಕೋರು ಅಳುಕುತ್ತ ಒಂದು ಹೆಸರು ಹೇಳಿದರು. "ನಮ್ಮ ಓಣ್ಯಾಗ ಹಲೀಮಾಬಿ ಅದಾರ್ರಿ ಸರ್. ಜಮಖಾನಿ ನೇಯ್ತಾರ. ನಮ್ಮ ಕ್ಲಾಸಿನ ತಬಸುಮ್‌ನ ಅಜ್ಜಿ. ಆದ್ರ..."

"ಆದ್ರ ಗೀದ್ರ ಏನೂ ಬ್ಯಾಡ್ರಿ!" ಎಂದು ಉಡಚಪ್ಪ ಆಗಲೇ ಎದ್ದು ನಡೆದಿದ್ದರು. ಆ 'ಆದ್ರ'ವನ್ನು ಪೂರಾ ಕೇಳಿಸಿಕೊಂಡಿದ್ದರೆ ಈ ಕತೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎಪ್ಪತ್ತೈದರ ಹಲೀಮಾಬಿ ಕರೆದ ಕೂಡಲೇ ಒಪ್ಪಿಬಿಟ್ಟರು. "ಬರ್ತೇನ್ರಿ. ಅರವತ್ತು ವರ್ಷ ನೇಯ್ದೇನಿ, ಒಬ್ಬರರ ಬಾ ಅಂದಿಲ್ಲ. ಆದ್ರ ನನ್ನ ಮಗ್ಗ ಬಿಟ್ಟು ನನ್ನ ಕೈ ಓಡಂಗಿಲ್ಲ ನೋಡ್ರಿ," ಎಂದರು.

ಮಗ್ಗವೆಂದರೆ ಗೋಡೆಗೆ ಒರಗಿಸಿ ನಿಲ್ಲಿಸಿದ ಆಳೆತ್ತರದ ಕಟ್ಟಿಗೆಯ ಚೌಕಟ್ಟು. ಅದರ ಮೇಲೆ ಅರ್ಧ ನೇಯ್ದ ಜಮಖಾನೆ ಬಿಗಿದಿತ್ತು. ಅದನ್ನು ಇಳಿಸಿ, ಅಡ್ಡ ಮಲಗಿಸಿ, ಧೂಳು ಬೀಳದಂತೆ ಮೇಲೊಂದು ಬಿಳಿ ಚಾದರ ಹೊದಿಸಿದರು. ಮುಂದೆ ಉಡಚಪ್ಪ ಮತ್ತು ಮಾಂತೇಶ ಮಾಸ್ತರ, ಹಿಂದೆ ಹಲೀಮಾಬಿಯವರ ಮಗ ರಮಜಾನ್ ಮತ್ತು ಫಕ್ಕೀರಪ್ಪ ಹೆಗಲು ಕೊಟ್ಟರು. ಬಿಳಿ ಚಾದರ ಹೊದ್ದ ಉದ್ದನೆಯ ಚೌಕಟ್ಟು ನಾಲ್ವರ ಹೆಗಲ ಮೇಲೆ ಓಣಿಯಲ್ಲಿ ಸಾಗಿದರೆ ನೋಡಿದವರಿಗೆ ಏನು ಕಾಣಬೇಕೋ ಅದೇ ಕಂಡಿತು.

ಕಿರಾಣಿ ಅಂಗಡಿಯವನು ಅರ್ಧ ಬಾಗಿಲು ಹಾಕಿದ. ಚಹಾದಂಗಡಿಯಿಂದ ನಾಲ್ವರು ತಲೆಗೆ ವಸ್ತ್ರ ಹಾಕಿಕೊಂಡು ಓಡಿಬಂದು ಹೆಗಲು ಕೊಟ್ಟರು. ಇನ್ನೊಂದು ಕಡೆಯಿಂದ ಭಜನೆಯ ಮಂದಿ ಚಪ್ಪಲಿ ಬಿಟ್ಟು ಸೇರಿಕೊಂಡರು. ಒಬ್ಬ ಮುದುಕ ಉಡಚಪ್ಪನವರ ಕಿವಿಯಲ್ಲಿ "ಯಾರ್ರೀ ಹ್ವಾದಾವ್ರು?" ಎಂದು ಕೇಳಿದ.

"ಯಾರೂ ಹೋಗಿಲ್ರಿ, ಹಲೀಮಾಬಿಯವರದು..."

"ಅಯ್ಯೋ ಹಲೀಮಾಬಿ! ಛಲೋ ಹೆಣ್ಮಗಳಿದ್ಲಪಾ, ಬಾಯಿ ಅಷ್ಟ ಜೋರು."

"ಯಾರ್ದಲೇ ಬಾಯಿ ಜೋರು?" ಎಂದು ಹಿಂದಿನಿಂದ ಹಲೀಮಾಬಿಯೇ ಗದರಿದರು. "ಹಿಂದ ನಡಕೋತ ಬರಾಕತ್ತೇನಿ, ಕಣ್ಣು ಕಾಣಂಗಿಲ್ಲೇನು?"

ಮುದುಕ ಹೌಹಾರಿ ಚರಂಡಿಗೆ ಇಳಿದ. ಆದರೆ ಹೆಗಲು ಕೊಟ್ಟವರು ಬಿಡಲಿಲ್ಲ. ಇಷ್ಟು ದೂರ ಬಂದವರು ಯಾರೂ ಸಾಯಲಿಲ್ಲವೆಂದು ನಡುದಾರಿಯಲ್ಲಿ ಬಿಟ್ಟುಹೋಗುವುದು ಸರಿಯಲ್ಲವೆಂದು ಅವರಿಗೆ ಅನಿಸಿರಬೇಕು. ಮೂವತ್ತು ಮಂದಿಯ ಮೆರವಣಿಗೆ ಶಾಲೆಯೊಳಗೆ ಬಂದಿತು. ಮಗ್ಗವನ್ನು ತರಗತಿಯ ಗೋಡೆಗೆ ನಿಲ್ಲಿಸಿದಾಗ ಒಂದೂವರೆ ಗಂಟೆ. ಉಡಚಪ್ಪ ಬೆವರು ಒರೆಸಿಕೊಂಡು, ಸಂಜೆಯ ಹುಬ್ಬಳ್ಳಿ ಬಸ್ಸು ಎಷ್ಟಕ್ಕೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು.

ತರಗತಿಯಲ್ಲಿ ಇಪ್ಪತ್ತೆರಡು ಹುಡುಗಿಯರು, ಹದಿನೆಂಟು ಹುಡುಗರು. ಹುಡುಗಿಯರು ಜಡೆಗೆ ಹೊಸ ರಿಬ್ಬನ್ ಕಟ್ಟಿಕೊಂಡು ಬಂದಿದ್ದರು. ಎಲ್ಲರಿಗಿಂತ ಮುಂದೆ ತಬಸುಮ್ ಮಂಡಿಯೂರಿ ಕೂತು ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. ಹಲೀಮಾಬಿ ಮಗ್ಗದ ಮುಂದೆ ಕೂತರು, ಬಣ್ಣದ ನೂಲು ಹರವಿದರು, ನೂಲು ಬಡಿಯುವ ಹಲ್ಲುಹಲ್ಲಿನ ಕಬ್ಬಿಣದ ಪಂಜಾ ಕೈಗೆತ್ತಿಕೊಂಡರು. ಆಮೇಲೆ ಹಿಂದಿರುಗಿ ನೋಡಿ ಅದನ್ನು ಕೆಳಗಿಟ್ಟರು.

"ಈ ಹುಡಿಗ್ಯಾರನ್ನ ಹೊರಗ ಕಳಸ್ರಿ," ಎಂದರು.

ಉಡಚಪ್ಪ ತಮಾಷೆಯೆಂದು ನಕ್ಕರು. ಹಲೀಮಾಬಿ ನಗಲಿಲ್ಲ.

"ಈ ಕೆಲಸಾ ಸೊಸೀಗೆ ಕಲಸೂದ್ರಿ, ಮಗಳಿಗಲ್ಲ. ಮಗಳು ನಾಳೆ ಮತ್ತೊಬ್ರ ಮನಿ ಸೇರ್ತಾಳ. ಆಕಿ ಕೂಡ ಕೆಲಸಾನೂ ಹೋಗ್ತೈತಿ. ನನಗ ನನ್ನ ಅತ್ತಿ ಕಲಸಿದ್ಲು, ಆಕೀಗೆ ಆಕಿ ಅತ್ತಿ. ನಾ ಹಡದ ಮೂರು ಹೆಣ್ಣಿಗೇ ತೋರಸಿಲ್ಲ. ಇಲ್ಲಿ ಇಪ್ಪತ್ತೆರಡು ಮನಿಗೆ ಹೋಗು ಹುಡಿಗ್ಯಾರಿಗೆ ತೋರಸ್ಲೇನು?"

"ಮತ್ತ ಗಂಡು ಹುಡುಗ್ರು?"

"ಅವ್ರು ಇರ್ಲಿ. ಅವ್ರು ಎಲ್ಲೂ ಹೋಗಂಗಿಲ್ಲ, ಏನೂ ಕಲಿಯಂಗೂ ಇಲ್ಲ."

ಉಡಚಪ್ಪ ಕೈ ಮುಗಿದರು. ಎಲ್ಲಿಯೂ ನೇಯುವುದಿಲ್ಲವೆಂದು ಹುಡುಗಿಯರಿಂದ ಆಣೆ ಮಾಡಿಸುವುದಾಗಿ ಹೇಳಿದರು. "ಅತ್ತಿಮನಿಗೆ ಹೋದಮ್ಯಾಲೆ ಆಣೀನೂ ಅತ್ತಿಮನೀದ ಆಗ್ತೈತಿ," ಎಂದರು ಹಲೀಮಾಬಿ. ಹುಡುಗಿಯರು ಕಣ್ಣು ಮುಚ್ಚಿಕೊಂಡು ಕೂಡಲಿ, ಬರೀ ಕಿವಿಯಿಂದ ಕೇಳಲಿ ಎಂದರೂ ಆಕೆ ಒಪ್ಪಲಿಲ್ಲ. ಪಂಜಾ ಬಡಿಯುವ ಸಪ್ಪಳ ಎಣಿಸಿಯೇ ಅರ್ಧ ಕೆಲಸ ಕಲಿಯಬಹುದಂತೆ.

"ಅದನ್ನ ಹೇಳಾಕ ಬಂದಿದ್ನಿರಿ ಸರ್, ನೀವು ಕೇಳ್ಲಿಲ್ಲ," ಎಂದರು ನಸ್ರೀನ್ ಅಕ್ಕೋರು. "ನಾನೂ ಈ ಓಣಿ ಮಗಳ. ನಮ್ಮ ಅಮ್ಮಿ ಬಾಗಲಾ ಹಾಕ್ಕೊಂಡು ನೇಯ್ತಿದ್ರು. ಒಂದ ದಿನಾನೂ ನಾ ನೋಡಿಲ್ಲ."

ಹಲೀಮಾಬಿ ಆಗ ಆಕೆಯನ್ನು ಗಮನಿಸಿದರು. "ಹೌದಲ್ಲ, ನೀನೂ ಮಗಳ. ನೀನೂ ಹೊರಗ ಹೋಗವ್ವಾ," ಎಂದರು.

ಪಾಠ ಮಾಡಬೇಕಾದ ಅಕ್ಕೋರೇ ಹೊರಗೆ! ಹೆಡ್ ಮಾಸ್ತರರು ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಫಕ್ಕೀರಪ್ಪ ಕುರ್ಚಿಯಿಂದ ಎದ್ದು "ಕಳಸ್ರಿ ಕಳಸ್ರಿ. ಅಧ್ಯಕ್ಷರು ಒಪ್ಪ್ಯಾರ," ಎಂದು ಹೆಂಡತಿಯ ಪರವಾಗಿ ತೀರ್ಪು ಕೊಟ್ಟ. ಇಪ್ಪತ್ತೆರಡು ಹುಡುಗಿಯರು ಸಾಲಾಗಿ ಹೊರಗೆ ನಡೆದರು. ತಬಸುಮ್ ಏಳಲಿಲ್ಲ.

"ದಾದಿ, ನಾ ನಿನ್ನ ಮೊಮ್ಮಗಳ ಅಲ್ಲೇನು?"

"ಅದಕ್ಕ ಹೋಗಂದೆ," ಎಂದರು ಹಲೀಮಾಬಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹುಡುಗಿಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಮೂಲತಃ ಮೈಸೂರು ಕಡೆಯವರಾದ ಅಧಿಕಾರಿ ಮೇಡಂ ನಗುತ್ತಲೇ ಇಳಿದರು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಹಲೀಮಾಬಿ ತಡೆದರು. "ನಿಮಗ ಮದಿವಿ ಆಗೇತೇನವ್ವಾ?"

"ಆಗಿದೆ ಅಜ್ಜಿ."

"ಅತ್ತಿಮನಿ ಎಲ್ಲಿ?"

"ತುಮಕೂರು."

ಹಲೀಮಾಬಿ ವಿಚಾರ ಮಾಡಿದರು. "ದೂರ ಐತಿ. ಆದ್ರೂ ಬ್ಯಾಡ್ರಿ. ಬಸ್ಸು ಅದಾವು."

ಹನ್ನೊಂದು ವರ್ಷದ ನೌಕರಿಯಲ್ಲಿ ಅಧಿಕಾರಿಯನ್ನು ಬಾಗಿಲಲ್ಲಿ ನಿಲ್ಲಿಸಿದ ಪ್ರಸಂಗ ಉಡಚಪ್ಪ ಕೇಳಿರಲಿಲ್ಲ. ಮೇಡಂ ಒಂದು ಗಳಿಗೆ ಬೆಪ್ಪಾಗಿ ನಿಂತರು. ಆಮೇಲೆ ಹೋಗಿ ಹುಡುಗಿಯರ ಜೊತೆ ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತರು. ಹಲೀಮಾಬಿಯ ಕಣ್ಸನ್ನೆಗೆ ಫಕ್ಕೀರಪ್ಪ ಕಿಟಕಿಯ ಒಂದು ಕದವನ್ನೂ ಮುಚ್ಚಿದ.

ನಸ್ರೀನ್ ಅಕ್ಕೋರ ಬದಲಿಗೆ ಉಡಚಪ್ಪನವರೇ ಪಾಠ ಶುರುಮಾಡಿದರು. ಮೊದಲು ಫಕ್ಕೀರಪ್ಪನ ಸ್ವಾಗತ ಭಾಷಣ ಹದಿನೈದು ನಿಮಿಷ ನಡೆಯಿತು. ಬಳಿಕ ಹಲೀಮಾಬಿ ನೇಯ್ಗೆಗೆ ಕೈ ಹಚ್ಚಿದರು. ಎಪ್ಪತ್ತೈದರ ಆ ಬೆರಳುಗಳು ನೂಲಿನ ನಡುವೆ ಇರುವೆಯ ಹಾಗೆ ಓಡಾಡುತ್ತಿದ್ದವು. ಕೆಂಪು ನೂಲಿನ ಮೇಲೆ ಒಂದು ನವಿಲಿನ ಕಾಲು ಮೂಡಿತು.

"ಈ ನವಿಲು ನಮ್ಮತ್ತೀದು," ಎಂದರು ಹಲೀಮಾಬಿ, ಯಾರಿಗೂ ಅಲ್ಲವೆಂಬಂತೆ. "ಈ ಪಗಡಿ ಆಟದ ಹಾಸಿನ ಚಿತ್ರ ಐತಲ್ಲ, ಇದು ನಮ್ಮತ್ತಿ ಅತ್ತೀದು. ಆಕಿ ಹೆಸರು ನನಗ ಗೊತ್ತಿಲ್ಲ. ಕೈ ಗೊತ್ತೈತಿ."

ಇಷ್ಟು ದಿನ ತಾವು ಹೊತ್ತು ತಿರುಗಿದ ಸುತ್ತೋಲೆಗಳಲ್ಲಿ ಇಲ್ಲದ ಇತಿಹಾಸ ಇಲ್ಲಿದೆಯಲ್ಲ ಎನಿಸಿ ಉಡಚಪ್ಪ ಹುಡುಗರ ಕಡೆ ನೋಡಿದರು. ಹದಿನೆಂಟರಲ್ಲಿ ಐವರು ನಿದ್ದೆ ಹೋಗಿದ್ದರು. ಮೂವರು ಬೆಂಚಿನ ಕೆಳಗೆ ಚೆಂಡಿನಾಟದ ತಂಡ ಕಟ್ಟುತ್ತಿದ್ದರು. ಒಬ್ಬ ಕೈಯೆತ್ತಿದ. ಉಡಚಪ್ಪ ಆಸೆಯಿಂದ "ಕೇಳಪ್ಪಾ" ಎಂದರು. ಅವನು "ಸರ್, ಒಂದಕ್ಕ" ಎಂದ.

"ಈಗ ಸೊಸೀಗೆ ಕಲಸೀರೇನ್ರಿ?" ಎಂದು ಉಡಚಪ್ಪ ಮೆಲ್ಲಗೆ ಕೇಳಿದರು.

"ಸೊಸಿ ಹುಬ್ಬಳ್ಳಿ ಬಟ್ಟಿ ಅಂಗಡಿಗೆ ಹೋಗ್ತಾಳ್ರಿ. ಮಗ್ಗದ ಮುಂದ ಕುಂದ್ರಂಗಿಲ್ಲ."

"ಮತ್ತ ಯಾರಿಗೆ?"

"ಯಾರಿಗೂ ಇಲ್ಲ," ಎಂದು ಹಲೀಮಾಬಿ ಪಂಜಾ ಬಡಿದರು.

ಮಾತು ಅಲ್ಲಿಗೆ ಮುಗಿಯಿತು. ಕಿಟಕಿಯ ತೆರೆದ ಕದದ ಸಂದಿಯಲ್ಲಿ ಏಳೆಂಟು ಮುಖಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅವುಗಳ ನಡುವೆ ಅಧಿಕಾರಿ ಮೇಡಂ ಅವರ ಕನ್ನಡಕವೂ ಇತ್ತು. ಎಲ್ಲರಿಗೂ ಕಾಣುತ್ತಿದ್ದುದು ಹಲೀಮಾಬಿಯ ಬೆನ್ನು ಮಾತ್ರ.

ಪಾಠ ಮುಗಿದು ಮಗ್ಗಕ್ಕೆ ಚಾದರ ಹೊದಿಸಿದ ಮೇಲೆ ಮೇಡಂ ಒಳಗೆ ಬಂದರು. ಮುಖ ಕೆಂಪಾಗಿತ್ತು. ಉಡಚಪ್ಪ ಎರಡೂ ಕೈ ಕಟ್ಟಿಕೊಂಡು ನಿಂತರು.

"ರೀ ಉಡಚಪ್ಪನವರೇ," ಎಂದರು ಮೇಡಂ. "ಇಪ್ಪತ್ತು ವರ್ಷದಿಂದ ಪಾಠ ನೋಡ್ತಾ ಇದ್ದೀನಿ. ಇಂಥದ್ದು ನೋಡಿಲ್ಲ. ಹೆಣ್ಣುಮಕ್ಕಳನ್ನ ಇತಿಹಾಸದಿಂದ ಹೊರಗಿಟ್ಟಿದ್ದಾರೆ ಅಂತ ನಾವು ಬರೀ ಬಾಯಲ್ಲಿ ಹೇಳ್ತೀವಿ. ನೀವು ನಮ್ಮನ್ನ ನಿಜವಾಗ್ಲೂ ಹೊರಗೆ ನಿಲ್ಲಿಸಿಬಿಟ್ರಿ! ಬಿಸಿಲು, ಮುಚ್ಚಿದ ಕಿಟಕಿ, ಕಾಣದ ಇತಿಹಾಸ... ನನಗೆ ಅಳು ಬಂತು. ಎಂಥ ವಿಧಾನ ಕಂಡುಹಿಡಿದ್ರಿ!"

"ವಿಧಾನ ಏನಲ್ರಿ ಮೇಡಂ," ಎಂದು ಉಡಚಪ್ಪ ತೊದಲಿದರು. "ಖರೇ ಹೇಳ್ಬೇಕಂದ್ರ, ಅಜ್ಜಿ ತಾನ ಹುಡಿಗ್ಯಾರಿಗೆ ತೋರಸಂಗಿಲ್ಲ ಅಂದ್ಲು. ನಾವು ಸೋತ್ವಿ."

"ಎಷ್ಟು ವಿನಯ!" ಎಂದರು ಮೇಡಂ.

"ಇದೆಲ್ಲಾ ಅಧ್ಯಕ್ಷರ ಯೋಜನಾರಿ," ಎಂದು ಫಕ್ಕೀರಪ್ಪ ನಡುವೆ ನುಸುಳಿದ. "ಕಿಟಿಕಿ ಮುಚ್ಚಿದ್ದು ನಾನ."

ಮೇಡಂ ಎಲ್ಲರ ಫೋಟೊ ತೆಗೆಸಿಕೊಂಡರು. ಹೊರಡುವಾಗ "ಸಂಜೆಯೊಳಗೆ ನಿಮ್ಮ ಆದೇಶ ಬರುತ್ತೆ. ನಾನೇ ಬರೆಸ್ತೀನಿ," ಎಂದು ಉಡಚಪ್ಪನವರ ಕೈ ಕುಲುಕಿದರು. ನಿಜ ಹೇಳಿದ್ದಾಗಿತ್ತು, ಆದರೂ ಕೆಲಸ ಕೆಟ್ಟಿರಲಿಲ್ಲ. ಇಂಥ ಯೋಗ ಉಡಚಪ್ಪನವರ ಜನ್ಮದಲ್ಲಿ ಇದೇ ಮೊದಲು. ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗೇಟಿನ ಹತ್ತಿರ ತಬಸುಮ್ ಕಾದಿದ್ದಳು. "ಸರ್, ಇದು ಪರೀಕ್ಷಾದಾಗ ಬರ್ತೈತೇನ್ರಿ? ನಮಗ ಯಾರಿಗೂ ಏನೂ ಗೊತ್ತಿಲ್ಲ. ಗಂಡು ಹುಡುಗ್ರನ್ನ ಕೇಳಿದ್ರ, ಅವ್ರಿಗೂ ಗೊತ್ತಿಲ್ಲಂತ."

"ಬರಂಗಿಲ್ಲವ್ವಾ," ಎಂದರು ಉಡಚಪ್ಪ. ಹುಡುಗಿಯ ಮುಖ ನೋಡಲಾಗದೆ ಬಸ್‌ಸ್ಟ್ಯಾಂಡಿನ ಕಡೆ ಬೇಗ ಬೇಗ ನಡೆದರು.

ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಐದೂ ಹತ್ತಕ್ಕೆ ಮೊಬೈಲಿಗೆ ಆದೇಶ ಬಂತು. ಉಡಚಪ್ಪ ಕನ್ನಡಕ ಒರೆಸಿಕೊಂಡು ಓದಿದರು. ಇಂದಿನ ಮಾದರಿ ಪಾಠ ಅತ್ಯಂತ ಯಶಸ್ವಿಯಾದ ಪ್ರಯುಕ್ತ ಇನ್ನು ಮುಂದೆ ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಮಹಿಳೆಯರ ಇತಿಹಾಸದ ಅವಧಿಯಲ್ಲಿ ಹೆಣ್ಣುಮಕ್ಕಳನ್ನು ಕಡ್ಡಾಯವಾಗಿ ಹೊರಗೆ ನಿಲ್ಲಿಸತಕ್ಕದ್ದು. ಸೋಮವಾರದಿಂದ ಶಿಕ್ಷಕರಿಗೆ ತರಬೇತಿ. ಶಿಕ್ಷಕಿಯರು ಅನುಭವಕ್ಕಾಗಿ ಮೈದಾನದಲ್ಲಿ ನಿಲ್ಲತಕ್ಕದ್ದು. ಈ ವಿಧಾನವನ್ನು ಕಂಡುಹಿಡಿದ ಶ್ರೀ ಉಡಚಪ್ಪ ಅವರೇ ಏಕೈಕ ತರಬೇತುದಾರರಾಗಿದ್ದು, ಕೊನೆಯ ಶಾಲೆಯ ತನಕ ಕಾರ್ಯಕ್ರಮ ಮುಗಿಯುವವರೆಗೆ, ಅಂದಾಜು ಮೂರು ವರ್ಷ, ಅವರ ಬಿಡುಗಡೆಯನ್ನು ತಡೆಹಿಡಿಯಲಾಗಿದೆ.

ಕಂಡಕ್ಟರ್ "ಎಲ್ಲಿಗ್ರಿ ಮಾಸ್ತರ್ರ?" ಎಂದ. ಉಡಚಪ್ಪ ಎದ್ದು ಇಳಿದರು. ಬಸ್ಸು ಹೋಯಿತು. ಬಹಳ ಹೊತ್ತಿನ ಮೇಲೆ ಮಹಾಲಕ್ಷ್ಮಿಗೆ ಫೋನು ಮಾಡಿದರು.

"ಪಾಠ ಹೆಂಗಾತ್ರಿ?" ಎಂದಳು ಆಕೆ, ಮೊದಲ ರಿಂಗಿಗೇ ಎತ್ತಿ.

"ಅಗದಿ ಛಲೋ ಆತು."

"ಹಂಗಾರ ಬರಾಕತ್ತೀರಿ?"

"ಇಲ್ಲ. ಭಾಳ ಛಲೋ ಆತು, ಅದಕ್ಕ ಬಿಡಂಗಿಲ್ಲಂತ. ಮೂರು ವರ್ಷ." ಅವರು ಎಲ್ಲವನ್ನೂ ಹೇಳಿದರು.

ಎಲ್ಲ ಕೇಳಿದ ಮೇಲೆ ಮಹಾಲಕ್ಷ್ಮಿ, ಬೈಯುವ ತ್ರಾಣವೂ ಇಲ್ಲದ ದನಿಯಲ್ಲಿ ಕೇಳಿದಳು:

"ಹನ್ನೊಂದು ವರ್ಷದಾಗ ಒಂದ ಪಾಠಾನೂ ನೆಟ್ಟಗ ಮಾಡಿಲ್ಲಂತ ನೀವ ಹೇಳ್ತಿದ್ರಿ. ಇವತ್ತ ಯಾಕ ಮಾಡಾಕ ಹೋದ್ರಿ?"